ಚೌಡಯ್ಯನವರ ಏಳು ತಂತಿ, ಭೀಮಸೇನರ ಬೆರಳೆಣಿಕೆಯ ರಾಗ

ನನ್ನ ಅಕ್ಕನ ಮಗಳು ಹಾಡುಗಾರ್ತಿ. ಏಳನೇ ವಯಸ್ಸಿಗೆ ಸರಳೆ ಹಿಡಿದವಳು, ಈಗ ಮೂವತ್ತರ ಹತ್ತಿರ. ಈ ಸಲ ರಾಮನವಮಿ ಹೊತ್ತಿಗೆ ನಾನು ಪುಣೆಯಿಂದ ಬಂದು ಬೆಂಗಳೂರಿನ ತ್ಯಾಗರಾಜನಗರದ ಅವರ ಮನೆಯಲ್ಲಿ ಬ್ಯಾಗು ಇಳಿಸಿದಾಗ ಬೆಳಿಗ್ಗೆ ಹತ್ತು ಗಂಟೆ. ಆ ಹೊತ್ತಿಗೆ ಆ ಮನೆಯಲ್ಲಿ ತಂಬೂರಿ ಕೇಳಿಸಬೇಕು, ಕೇಳಿಸಲಿಲ್ಲ. ಹುಡುಗಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಏನಮ್ಮಾ ಮಾಡ್ತಿದೀಯ ಅಂದೆ. "ಕಾನ್ಸೆಪ್ಟ್ ನೋಟ್ ಬರೀತಿದೀನಿ ಮಾಮ" ಅಂದಳು.

ಕಛೇರಿಗೆ ಅವಕಾಶ ಕೇಳಲು ಹೋದಾಗ ಸಂಘಟಕರೊಬ್ಬರು ಹೇಳಿದರಂತೆ: ಹಾಡುವವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ಅದದೇ ಕೃತಿ ಹಾಡುತ್ತಾರೆ, ನಿಮ್ಮಲ್ಲಿ ಹೊಸದೇನಿದೆ ಅಂತ ಒಂದು ಪುಟದಲ್ಲಿ ಬರೆದು ಕಳಿಸಿ. ಒಂದು ಥೀಮ್ ಇರಲಿ, ಬೇರೆ ಶೈಲಿಯ ಕಲಾವಿದರು ಯಾರಾದರೂ ಜೊತೆಗಿರಲಿ, ಅರುವತ್ತು ನಿಮಿಷ ಮೀರದಿರಲಿ. ಅವಳು ಒಂದು ವಾರದಿಂದ ಆ ಒಂದು ಪುಟವನ್ನು ಬರೆದು ಅಳಿಸಿ ಬರೆಯುತ್ತಿದ್ದಳು. ಹಾಡಲು ಕೂತಿದ್ದರೆ ಆ ವಾರದಲ್ಲಿ ಒಂದು ರಾಗ ಎಷ್ಟು ಪಳಗುತ್ತಿತ್ತು ಎಂದು ಲೆಕ್ಕ ಹಾಕಿ ನನಗೆ ಸಂಕಟವಾಯಿತು.

ನಾನು ಚಾಮರಾಜಪೇಟೆಯಲ್ಲಿ ಬೆಳೆದವನು. ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವಕ್ಕೆ ಶ್ರೀ ರಾಮಸೇವಾ ಮಂಡಳಿಯ ಚಪ್ಪರ ಎದ್ದಿತೆಂದರೆ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತೇ ಬದಲಾಗುತ್ತಿತ್ತು. ಅಪ್ಪ ಆಫೀಸಿನಿಂದ ಬಂದು ಮುಖ ತೊಳೆದು ಹೊರಡುವರು. ನಾನು ಹಿಂದೆ ಹಿಂದೆ. ಒಳಗೆ ಕೂರಲು ದುಡ್ಡಿದ್ದ ದಿನ ಒಳಗೆ, ಇಲ್ಲದ ದಿನ ರಸ್ತೆಯ ಪಕ್ಕ. ಬಸ್ಸಿನ ಹಾರ್ನು, ಕಡಲೆಕಾಯಿ ಗಾಡಿಯವನ ಕೂಗು, ಅದರ ನಡುವೆ ನಾದ. ನಾನು ಕಲಿತ ಕೇಳುವಿಕೆ ಅಷ್ಟೂ ಆ ರಸ್ತೆಯ ಪಕ್ಕದಲ್ಲಿ ಕಲಿತದ್ದು. ಅಪ್ಪನಿಗೆ ಹೋಗಲಾಗದ ದಿನ ಮನೆಗೆ ಬಂದ ನನ್ನನ್ನು ಕೇಳುತ್ತಿದ್ದುದು ರಾಗದ ಬಗ್ಗೆ ಒಂದೇ ಪ್ರಶ್ನೆ: "ತೋಡಿ ಹೇಗಿತ್ತು?" ಕಾಂಬೋದಿ ಹೇಗಿತ್ತು, ಭೈರವಿ ಹೇಗಿತ್ತು. ಈ ಸಲ ಹೊಸದೇನು ಹಾಡಿದರು ಎಂದು ಅವರು ಒಮ್ಮೆಯೂ ಕೇಳಿದ್ದಿಲ್ಲ. ಅವರಿಗೆ ಹಿಂದಿನ ವರ್ಷದ ತೋಡಿ ನೆನಪಿತ್ತು, ಈ ವರ್ಷದ್ದನ್ನು ಅದರ ಪಕ್ಕಕ್ಕೆ ಇಟ್ಟುಕೊಳ್ಳಬೇಕಿತ್ತು, ಅಷ್ಟೆ.

ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ಈ ತೋಡಿಯೇ ನನಗೆ ಮೊದಲ ಪಾಠ ಕಲಿಸಿತು. ಪಿಂಪ್ರಿಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ಟೇಬಲ್ಲಿನವರು ಸಂಗೀತದ ಹುಚ್ಚಿನವರು. ತೋಡಿ ಅಂದರೆ ಇಷ್ಟ ಅಂದೆ. ಅವರು ತಮ್ಮ ಮನೆಗೆ ಕರೆದು ಒಂದು ಕ್ಯಾಸೆಟ್ ಹಾಕಿದರು. ನನ್ನ ತೋಡಿ ಅದರಲ್ಲಿರಲಿಲ್ಲ. ನಮ್ಮ ಕರ್ನಾಟಕ ಸಂಗೀತದ ತೋಡಿಯ ಸ್ವರಸ್ಥಾನಗಳು ಅಲ್ಲಿಯ ಹಿಂದೂಸ್ತಾನಿಯಲ್ಲಿ ಭೈರವಿ. ಅವರ ತೋಡಿ ನಮ್ಮ ಶುಭಪಂತುವರಾಳಿಯ ನೆಂಟ. ಕ್ಯಾಸೆಟ್ಟು ಮುಗಿಯುವ ಹೊತ್ತಿಗೆ ಹೆಸರು ಮರೆತು ಹೋಗಿ ನಾನು ಸುಮ್ಮನೆ ಕೂತಿದ್ದೆ. ಹಾಡುತ್ತಿದ್ದವರು ಭೀಮಸೇನ ಜೋಶಿ. ಗದಗಿನವರು.

ಅಲ್ಲಿಂದ ಮೂವತ್ತು ವರ್ಷ ಪುಣೆಯ ಕೇಳುಗರ ನಡುವೆ ಕೂತಿದ್ದೇನೆ. ಡಿಸೆಂಬರಿನ ಸವಾಯಿ ಗಂಧರ್ವ ಉತ್ಸವ ನಮ್ಮ ರಾಮನವಮಿಯ ಹಾಗೆ ಅವರಿಗೆ. 1953ರಲ್ಲಿ ಭೀಮಸೇನರು ತಮ್ಮ ಗುರುವಿನ ನೆನಪಿಗೆ ಶುರು ಮಾಡಿದ್ದು. ಆ ಗುರುವೂ ನಮ್ಮ ಕುಂದಗೋಳದವರೇ, ಸವಾಯಿ ಗಂಧರ್ವ ಎಂದು ಹೆಸರಾದ ರಾಮಭಾವು ಕುಂದಗೋಳಕರ. ಅಲ್ಲಿ ಕೇಳುವ ರೀತಿಯೇ ಬೇರೆ. ನೆಲದ ಮೇಲೆ ಜಮಖಾನ, ಹೆಗಲಿಗೆ ಶಾಲು, ಪಕ್ಕದಲ್ಲಿ ಚಹಾದ ಫ್ಲಾಸ್ಕು. ಗಾಯಕ ಒಂದು ಸ್ವರದ ಮೇಲೆ ನಿಂತು ಇಳಿದರೆ ಸಾವಿರಾರು ಜನ ಒಟ್ಟಿಗೆ "ವ್ಹಾ" ಅನ್ನುತ್ತಾರೆ. ಮುಂದಿನ ಸಾಲಿನ ಮುದುಕರು ಕೈ ಎತ್ತಿ ಆ ಸ್ವರವನ್ನು ಗಾಳಿಯಲ್ಲಿ ಹಿಡಿದ ಹಾಗೆ ಮಾಡುತ್ತಾರೆ. ನಮ್ಮ ಬೆಂಗಳೂರಿನ ಕೇಳುಗರು ಅಷ್ಟು ತೋರಿಸಿಕೊಳ್ಳುವವರಲ್ಲ. ತೊಡೆಯ ಮೇಲೆ ತಾಳ, ಅರ್ಧ ಮುಚ್ಚಿದ ಕಣ್ಣು, ತಲೆಯ ಒಂದು ಸಣ್ಣ ಅಲುಗಾಟ. ತೀರಾ ತಡೆಯಲಾಗದಿದ್ದರೆ ಒಂದು "ಭೇಷ್". ಮೊದಮೊದಲು ನನಗೆ ಪುಣೆಯ ಗದ್ದಲ ಒಗ್ಗಲಿಲ್ಲ. ಬರಬರುತ್ತಾ ಅದರ ಬೆಲೆ ತಿಳಿಯಿತು. ತಾನು ಹಾಡಿದ್ದು ಎಲ್ಲಿಗೆ ತಲುಪಿತು ಎಂದು ಹಾಡುವವನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಮುಂದಿನ ಆವರ್ತ ಅದರಿಂದಲೇ ಹುಟ್ಟುತ್ತದೆ.

ಹಾಗಂತ ಪುಣೆಯಲ್ಲಿ ಎಲ್ಲವೂ ಸರಿ ಎಂದು ನಾನು ಬರೆದರೆ ಅದು ಸುಳ್ಳು. ಭೀಮಸೇನರು 2011ರಲ್ಲಿ ತೀರಿಕೊಂಡರು. ಆದರೆ ಇವತ್ತಿಗೂ ಅಲ್ಲಿ ಅವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯ ಹುಡುಗನೊಬ್ಬ ಷಡ್ಜ ಹಚ್ಚಿದ ಕೂಡಲೇ ಪಕ್ಕದವರು ಅವರ ಜೊತೆ ತೂಗಲು ಶುರು ಮಾಡುತ್ತಾರೆ. ಅದರ ಒತ್ತಡ ಎಷ್ಟೆಂದರೆ ಎಷ್ಟೋ ಹುಡುಗರು ಭೀಮಸೇನರ ದನಿಯ ಗಡಸನ್ನು ಮಾತ್ರವಲ್ಲ, ಅವರ ಕೈ ಬೀಸು, ಮುಖ ಕಿವುಚುವುದು, ವೇಗದ ತಾನ್ ಹಾಡುವ ಮುನ್ನ ಮೈ ಬಳುಕಿಸುವುದು, ಎಲ್ಲವನ್ನೂ ಎತ್ತಿಕೊಂಡಿದ್ದಾರೆ. ಅವರ ಗಂಟಲೇ ಬೇರೆ, ಎದೆಯೇ ಬೇರೆ. ಕೇಳುತ್ತಾ ಕೂತರೆ ಹಾಡು ಹತ್ತಿರ ಬರುವುದೇ ಇಲ್ಲ. ಪುಣೆ ಹುಡುಗರಿಗೆ ಅವರ ಹಾಗೆ ಹಾಡು ಅನ್ನುತ್ತದೆ. ಬೆಂಗಳೂರು ನನ್ನ ಅಕ್ಕನ ಮಗಳಿಗೆ ಯಾರೂ ಹಾಡದ ಹಾಗೆ ಹಾಡು ಅಂದಿತು. ಎರಡೂ ಊರುಗಳಲ್ಲಿ ಆ ಮಗುವಿನ ಗಂಟಲನ್ನು ಕೇಳಿಸಿಕೊಂಡವರು ಯಾರು ಎಂಬುದು ನನ್ನ ದುಃಖ.

ಹೊಸತನ ಬೇಕೋ, ಮನಸ್ಸು ಮುಟ್ಟಿದರೆ ಸಾಕೋ ಎಂಬ ಚರ್ಚೆ ಬಂದಾಗೆಲ್ಲ ನನಗೆ ಇಬ್ಬರು ನೆನಪಾಗುತ್ತಾರೆ. ಇಬ್ಬರೂ ನನ್ನ ಹಾಗೆ ಹೊರನಾಡಿಗರು. ಒಬ್ಬರು 1922ರಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನರು. ಇನ್ನೊಬ್ಬರು 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ, ಲೋಕಕ್ಕೆಲ್ಲ ಕುಮಾರ ಗಂಧರ್ವ. ಅವರು ನೆಲೆಸಿದ್ದು ಮಧ್ಯಪ್ರದೇಶದ ದೇವಾಸ್‌ನಲ್ಲಿ. ಎರಡೇ ವರ್ಷದ ಅಂತರ, ಅಕ್ಕಪಕ್ಕದ ಸೀಮೆ, ಇಬ್ಬರ ಮನೆಮಾತೂ ಕನ್ನಡ. ಆದರೆ ಹಾಡು ಉತ್ತರ ದಕ್ಷಿಣ.

ಭೀಮಸೇನರ ಬಗ್ಗೆ ಬದುಕಿದ್ದಾಗಲೇ ಒಂದು ದೂರಿತ್ತು: ಜೀವಮಾನವಿಡೀ ಬೆರಳೆಣಿಕೆಯ ರಾಗಗಳನ್ನೇ ಹಾಡಿದರು ಎಂದು. ಶುದ್ಧ ಕಲ್ಯಾಣ, ಪೂರಿಯಾ ಧನಾಶ್ರೀ, ಮಿಯಾ ಕಿ ತೋಡಿ, ದರಬಾರಿ, ಮಾಲಕಂಸ್, ಅಭೋಗಿ. ಕಲಾವತಿ ಮತ್ತು ರಾಗೇಶ್ರೀ ಸೇರಿಸಿ ಕಲಾಶ್ರೀ ಎಂಬ ರಾಗವನ್ನು ಅವರು ಮಾಡಿದ್ದುಂಟು. ಆದರೆ ಕಲಾಶ್ರೀಗಾಗಿ ಜನ ಚಳಿಯಲ್ಲಿ ಗಂಟೆಗಟ್ಟಲೆ ಕಾದು ಕೂತದ್ದನ್ನು ನಾನು ಕಂಡಿಲ್ಲ. ಅದೇ ಪೂರಿಯಾ ಧನಾಶ್ರೀಗೆ ಕಾದಿದ್ದರು, ನೂರು ಸಲ ಕೇಳಿದ್ದಕ್ಕೆ. ನೂರೊಂದನೇ ಸಲ ಆ ನಿಷಾದದಿಂದ ಷಡ್ಜಕ್ಕೆ ಬರುವಾಗ ಅವರು ಎಷ್ಟು ಹೊತ್ತು ತಡೆಯುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆ ತಡೆಯಲ್ಲಿ ಎದೆ ನಿಂತ ಹಾಗಾಗುತ್ತಿತ್ತು. ಅದನ್ನು ಹಳೆಯದೆನ್ನಬೇಕೋ ಹೊಸದೆನ್ನಬೇಕೋ?

ಕುಮಾರರ ದಾರಿ ಬೇರೆ. ಬಾಲಪ್ರತಿಭೆ ಎಂದು ದೇಶವೇ ಕೊಂಡಾಡಿದ ಹುಡುಗನಿಗೆ ಇಪ್ಪತ್ತೈದು ತುಂಬುವ ಮುಂಚೆಯೇ ಕ್ಷಯ. ಗಾಳಿ ಒಣಗಿರುವ ಊರು ಎಂದು ದೇವಾಸ್‌ಗೆ ಕರೆದೊಯ್ದರು. ವೈದ್ಯರು ಹಾಡಬಾರದು ಅಂದರು. ವರ್ಷಗಟ್ಟಲೆ ಮಂಚದ ಮೇಲೆ ಮಲಗಿ ಅವರು ಮಾಡಿದ್ದು ಒಂದೇ ಕೆಲಸ: ಕಿವಿಗೊಟ್ಟು ಕೇಳುವುದು. ಬೀದಿಯಲ್ಲಿ ಹೋಗುವ ಮಾಳವದ ಹೆಂಗಸರ ಹಾಡು, ನಾಥಪಂಥದ ಭಿಕ್ಷುಕರ ನಿರ್ಗುಣ ಪದ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಬಂದು ಜೀವ ಉಳಿಯಿತು. 1950ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆ ಹತ್ತಿದಾಗ ಒಂದು ಶ್ವಾಸಕೋಶ ಕೈಕೊಟ್ಟಿತ್ತು. ಉದ್ದುದ್ದ ಎಳೆಯಲು ಉಸಿರಿರಲಿಲ್ಲ. ಅದಕ್ಕೇ ಆ ಸಣ್ಣ ಸಣ್ಣ ತುಣುಕು, ಥಟ್ಟನೆ ಏರಿ ಥಟ್ಟನೆ ಬಿಡುವ ಸ್ವರ, ನಡುವೆ ಆ ಮೌನ. ಜನಪದ ಧುನ್‌ಗಳಿಂದ ಹೊಸ ರಾಗಗಳನ್ನೇ ತೆಗೆದರು. ಮಾಳವದ ಹಾಡುಗಳನ್ನು, ಋತುಗಳನ್ನು ಇಟ್ಟುಕೊಂಡು ಇವತ್ತು ನಾವು ಥೀಮ್ ಅನ್ನುತ್ತೇವಲ್ಲ, ಅಂಥ ಕಾರ್ಯಕ್ರಮಗಳನ್ನೂ ಮಾಡಿದರು. ಸಂಪ್ರದಾಯಸ್ಥರು ಬೈದರು. ಆದರೆ ನಿರ್ಗುಣ ಭಜನೆ ಶುರುವಾದರೆ ಬೈದವರ ಕಣ್ಣಲ್ಲೂ ನೀರು.

ಕುಮಾರರಿಗೆ ಯಾರೂ ನಿಮ್ಮಲ್ಲಿ ಹೊಸದೇನಿದೆ ಎಂದು ಬರೆದುಕೊಡಿ ಅಂದಿರಲಿಲ್ಲ. ಹಳೆಯ ರೀತಿಯಲ್ಲಿ ಹಾಡಲು ದೇಹ ಬಿಡಲಿಲ್ಲ. ಹಾಡದೆ ಇರಲು ಮನಸ್ಸು ಬಿಡಲಿಲ್ಲ. ಆ ಇಕ್ಕಟ್ಟಿನಿಂದ ಹೊಸದು ಬಂತು. ನಾನು ಈ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಲು ಸಾಧ್ಯವಿಲ್ಲ, ಆರಿಸಬೇಕಾಗಿಯೂ ಇಲ್ಲ. ಇಬ್ಬರೂ ಹೊರಟದ್ದು ಒಂದೇ ಕಡೆಗೆ: ಎದುರು ಕೂತವನ ಒಳಕ್ಕೆ. ಒಬ್ಬರಿಗೆ ಗುರು ತೋರಿದ ದಾರಿ ಸಾಕಾಯಿತು, ಇನ್ನೊಬ್ಬರಿಗೆ ದಾರಿ ಕಡಿಯಬೇಕಾಯಿತು.

ಬೆಂಗಳೂರಿನವರಿಗೆ ಇದನ್ನು ಹೇಳಲು ದೇವಾಸ್‌ನವರೆಗೆ ಹೋಗುವುದೇ ಬೇಡ. ವಯ್ಯಾಲಿಕಾವಲಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ನಿಂತಿದೆ. ಅದರ ಮುಂದೆ ಫೋಟೋ ತೆಗೆಸಿಕೊಳ್ಳುವ ಎಷ್ಟು ಮಕ್ಕಳಿಗೆ ತಿರುಮಕೂಡಲು ಚೌಡಯ್ಯನವರು ಏನು ಮಾಡಿದರು, ಏಕೆ ಮಾಡಿದರು ಎಂದು ಗೊತ್ತು? ಧ್ವನಿವರ್ಧಕ ಇಲ್ಲದ ಕಾಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಚೌಡಯ್ಯನವರು ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಹಿಂದಿನ ಸಾಲಿನವನಿಗೆ ಪಿಟೀಲು ಕೇಳುತ್ತಿರಲಿಲ್ಲ. ನಾಲ್ಕು ತಂತಿಗೆ ಇನ್ನು ಮೂರು ಕೂಡಿಸಿ ಏಳು ಮಾಡಿದರು. ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಯುವ ಹಾಗೆ. ನಾದ ದಪ್ಪಗಾಯಿತು, ಹಿಂದಿನ ಸಾಲಿಗೆ ಹೋಯಿತು. ಏಳು ತಂತಿ ಹುಟ್ಟಿದ್ದು ಹಿಂದಿನ ಸಾಲಿನವನ ಕಿವಿಗೋಸ್ಕರ. ಆಮೇಲೆ ಮೈಕು ಬಂತು, ಆ ತಂತಿಗಳ ಅಗತ್ಯ ಮುಗಿಯಿತು. ಇವತ್ತು ವೇದಿಕೆಯ ಮೇಲೆ ಏಳು ತಂತಿಯ ಪಿಟೀಲು ಕಾಣುವುದು ಅಪರೂಪ. ಚೌಡಯ್ಯನವರ ಹೆಸರು ಮಾತ್ರ ಅಳಿಯಲಿಲ್ಲ, ಏಕೆಂದರೆ ಜನರ ನೆನಪಿನಲ್ಲಿ ಉಳಿದದ್ದು ತಂತಿಗಳ ಎಣಿಕೆಯಲ್ಲ, ಆ ಕಮಾನಿನ ತುಂಬು.

ಕದ್ರಿ ಗೋಪಾಲನಾಥರದ್ದೂ ಹೀಗೇ. ನಾದಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ. ಆ ಕೀಲಿಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಕ್ಕೇ ಆಗುವುದಿಲ್ಲ, ಗಮಕ ಎಲ್ಲಿಂದ ಬರಬೇಕು? ವಾದ್ಯವನ್ನೇ ತಿದ್ದಿ, ವರ್ಷಗಟ್ಟಲೆ ತುಟಿ ಉಸಿರು ಪಳಗಿಸಿ ಗಮಕ ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅವರ ಕಲ್ಯಾಣಿ ರಾಗವನ್ನು ಮೊದಲ ಸಲ ಕೇಳಿದಾಗ ನಾನು ವಾದ್ಯ ನೋಡುತ್ತಾ ಕೂತಿದ್ದೆ. ಹತ್ತು ನಿಮಿಷದ ನಂತರ ನನ್ನ ಕಣ್ಣಿಗೆ ವಾದ್ಯ ಕಾಣಲಿಲ್ಲ, ಕಲ್ಯಾಣಿ ಮಾತ್ರ ಇತ್ತು. ಹೊಸದು ನಿಜವಾಗಿ ಗೆದ್ದಿತು ಅನ್ನಬೇಕಾದರೆ ಅದು ಹೀಗೆ ಕಣ್ಣಿಂದ ಮರೆಯಾಗಬೇಕು ಎಂದು ನನಗೆ ಅಂದು ತೋರಿತು.

ಇನ್ನು ಅಕ್ಕನ ಮಗಳ ಕಾರ್ಯಕ್ರಮ. ಕೊನೆಗೆ ಆ ಪುಟ ಬರೆದಾಯಿತು, ಒಪ್ಪಿಗೆಯೂ ಸಿಕ್ಕಿತು. ವಿಷಯ ಪಂಚಭೂತ. ಇವಳ ಜೊತೆ ಒಬ್ಬ ಕೀಬೋರ್ಡಿನ ಹುಡುಗ, ಒಬ್ಬ ಡ್ರಮ್ಸ್ ಹುಡುಗ, ಹಿಂದೆ ಪರದೆಯ ಮೇಲೆ ನೀರು, ಬೆಂಕಿ, ಆಕಾಶ. ಹುಡುಗರಿಬ್ಬರೂ ಒಳ್ಳೆಯವರು, ಕೈ ಚುರುಕು. ಮೂರು ಸಲ ಮಾತ್ರ ಒಟ್ಟಿಗೆ ಅಭ್ಯಾಸ ಮಾಡಿದ್ದರು. ಐದು ಭೂತಕ್ಕೆ ಐದು ರಾಗ, ಒಂದೊಂದಕ್ಕೆ ಹನ್ನೆರಡು ನಿಮಿಷ. ನೀರಿನ ಭಾಗಕ್ಕೆ ಅವಳು ಸಹಾನ ತೆಗೆದುಕೊಂಡಿದ್ದಳು. ಯಾವುದೋ ತಂತಿ ಸಡಿಲಾಗಿ ಕೀಬೋರ್ಡಿನ ಸದ್ದು ನಿಂತುಹೋಯಿತು. ಹುಡುಗ ಅದನ್ನು ಸರಿಮಾಡುತ್ತಿದ್ದ ಹೊತ್ತು ಇವಳು ಸುಮ್ಮನಿರಲಾರದೆ ಸಹಾನವನ್ನು ಒಬ್ಬಳೇ ಹಾಡಿದಳು. ನಾಲ್ಕೈದು ನಿಮಿಷ ಇರಬಹುದು. ಆ ಗಾಂಧಾರದ ಮೇಲೆ ಅವಳು ಊರಿ, ಮಧ್ಯಮ ಮುಟ್ಟಿ, ಮತ್ತೆ ಬಾಗಿ ರಿಷಭಕ್ಕೆ ಬಂದಾಗ ಸಭಾಂಗಣದಲ್ಲಿ ಫೋನಿನ ಬೆಳಕುಗಳು ಒಂದೊಂದಾಗಿ ಆರಿದವು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕೀಬೋರ್ಡು ಸರಿಯಾಯಿತು, ಡ್ರಮ್ಸ್ ಶುರುವಾಯಿತು, ಪರದೆಯಲ್ಲಿ ಜಲಪಾತ ಬಿತ್ತು, ಜನ ಜೋರಾಗಿ ಚಪ್ಪಾಳೆ ಹೊಡೆದರು.

ರಾತ್ರಿ ಊಟಕ್ಕೆ ಕೂತಾಗ ಹೇಗಿತ್ತು ಮಾಮ ಅಂದಳು. ನಾನು ಅಪ್ಪನ ಮಗ. ನನ್ನ ಬಾಯಲ್ಲಿ ಬಂದದ್ದು ಸಹಾನ. ಅವಳು ಅನ್ನದ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ಪ್ಲಾನಿನಲ್ಲಿ ಇರಲಿಲ್ಲ" ಅಂದಳು.

ಸಂಘಟಕರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಸಭಾಂಗಣದ ಬಾಡಿಗೆ ಕಟ್ಟಬೇಕು. ಕಛೇರಿಗೆ ಬರುವ ತಲೆಗಳೆಲ್ಲ ಬೆಳ್ಳಗಾಗಿವೆ. ಸಿಲ್ಕ್ ಬೋರ್ಡಿನಿಂದ ಬಸವನಗುಡಿಗೆ ಸಂಜೆ ಆರಕ್ಕೆ ಬಾ ಎಂದು ಕೆಲಸದ ಹುಡುಗರಿಗೆ ಹೇಳುವುದು ಸುಲಭವಲ್ಲ. ಬಂದವರು ಮೂರು ಗಂಟೆ ಕೂರುತ್ತಾರೆಂಬ ಭರವಸೆಯೂ ಇಲ್ಲ. ಮೊಬೈಲಿನಲ್ಲಿ ಮೂವತ್ತು ಸೆಕೆಂಡಿಗೆ ಬೆರಳು ಸರಿಸುವ ಅಭ್ಯಾಸವಾದವರ ಮುಂದೆ ಏನಾದರೂ ಥಟ್ಟನೆ ಕಣ್ಣಿಗೆ ಹೊಡೆಯುವುದು ಬೇಕೆಂದು ಅವರಿಗೆ ಅನ್ನಿಸಿದರೆ ಅದರ ಹಿಂದೆ ಭಯವಿದೆ, ಸಂಗೀತ ಖಾಲಿ ಕುರ್ಚಿಗಳ ಮುಂದೆ ಸತ್ತುಹೋದೀತು ಎಂಬ ಭಯ. ಆ ಭಯ ನನಗೂ ಇದೆ.

ಬೆಂಗಳೂರು ಹೊಸದಕ್ಕೆ ಬಾಗಿಲು ತೆರೆಯುವ ಊರು ಎಂಬುದರ ಬಗ್ಗೆ ನನಗೆ ಹೆಮ್ಮೆಯೂ ಇದೆ. ಒಂದೇ ವಾರದಲ್ಲಿ ಒಂದು ಕಡೆ ಕರ್ನಾಟಕ ಸಂಗೀತ, ಇನ್ನೊಂದು ಕಡೆ ಹಿಂದೂಸ್ತಾನಿ, ಮತ್ತೊಂದು ಕಡೆ ಗಿಟಾರು ಹಿಡಿದ ಹುಡುಗರು. ಎಲ್ಲಕ್ಕೂ ಕೇಳುಗರಿರುವ ಊರು ಇದು. ಪುಣೆಯಲ್ಲಿ ಕರ್ನಾಟಕ ಕಛೇರಿ ಹುಡುಕಬೇಕು. ಇಲ್ಲಿ ಸಿ. ಅಶ್ವತ್ಥ್ ಅವರು ಸುಗಮ ಸಂಗೀತದ ನಯವಾದ ಅಂಗಳಕ್ಕೆ ಜನಪದರ ತೆರೆದ ಗಂಟಲನ್ನು ತಂದರು. 2005ರಲ್ಲಿ ಅರಮನೆ ಮೈದಾನದಲ್ಲಿ ಕನ್ನಡ ಭಾವಗೀತೆ ಕೇಳಲು ಜನಸಾಗರ ಸೇರಿದ್ದನ್ನು ಅಕ್ಕ ಫೋನಿನಲ್ಲಿ ಹೇಳುತ್ತಿದ್ದರೆ ನಾನು ಪುಣೆಯ ಬಾಲ್ಕನಿಯಲ್ಲಿ ನಿಂತು ಅತ್ತಿದ್ದೆ. ರಘು ದೀಕ್ಷಿತ್ ಗಿಟಾರಿನ ಜೊತೆ ಹಾಡಿದ ಶಿಶುನಾಳ ಷರೀಫರ ಪದವನ್ನು ನನ್ನ ಮರಾಠಿ ಸಹೋದ್ಯೋಗಿಯ ಮಗ ಕಾಲೇಜಿನಲ್ಲಿ ಕೇಳಿಕೊಂಡು ಬಂದು ಅರ್ಥ ಹೇಳಿ ಕಾಕಾ ಎಂದು ಕೂತ. 1889ರಲ್ಲಿ ತೀರಿಹೋದ ಷರೀಫರ ಮಾತನ್ನು ಪುಣೆಯ ಹುಡುಗನೊಬ್ಬನಿಗೆ ಬಿಡಿಸಿ ಹೇಳುವ ಭಾಗ್ಯ ನನಗೆ ಗಿಟಾರಿನಿಂದಲೇ ಬಂತು. ಹಾಗಾಗಿ ಹೊಸ ವಾದ್ಯ, ಹೊಸ ಜೋಡಿ ಬೇಡವೆಂದು ನಾನು ಹೇಳಲಾರೆ. ಆ ಹಾಡುಗಳಲ್ಲಿ ಹಾಡುವವನಿಗೆ ಆ ಪದ ಬೇಕಿತ್ತು, ಅದು ಅವನ ನಾಲಿಗೆಯ ಮೇಲೆ ಬಹಳ ದಿನ ಇತ್ತು. ಗಿಟಾರು ಆಮೇಲೆ ಬಂತು. ನನ್ನ ಅಕ್ಕನ ಮಗಳಿಗೆ ಪಂಚಭೂತ ಬೇಕಿರಲಿಲ್ಲ. ಪುಟ ತುಂಬಬೇಕಿತ್ತು.

ಇನ್ನೊಂದು ಬದಿಯನ್ನೂ ಮುಚ್ಚಿಡಬಾರದು. ಕೇಳುಗರ ಮನಸ್ಸು ಮುಟ್ಟಿದರೆ ಸಾಕು ಎಂಬ ಮಾತಿನಲ್ಲೂ ಅಪಾಯವಿದೆ. ಕಣ್ಣಲ್ಲಿ ನೀರು ತರಿಸುವುದು ಕಷ್ಟವಲ್ಲ. ತಾಯಿ, ಊರು, ದೇವರು, ಮೂರರಲ್ಲಿ ಒಂದನ್ನು ಹಿಡಿದು ದನಿ ಸ್ವಲ್ಪ ಬಿರಿಸಿದರೆ ನನ್ನಂಥ ಹೊರನಾಡಿಗನಂತೂ ಕರಗಿಹೋಗುತ್ತಾನೆ. ಪುಣೆಯ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ದಿನ ಯಾರು ಏನು ಹಾಡಿದರೂ ನಮಗೆ ಕಣ್ಣೀರು ಬರುತ್ತದೆ. ಅದರಲ್ಲಿ ಹಾಡಿನ ಪಾಲು ಎಷ್ಟು, ನಮ್ಮ ಹಂಬಲದ ಪಾಲು ಎಷ್ಟು ಎಂದು ಬೇರ್ಪಡಿಸಲು ನನಗೆ ಎಷ್ಟೋ ವರ್ಷ ಹಿಡಿಯಿತು. ನಾನು ಹೇಳುತ್ತಿರುವ ಮುಟ್ಟುವಿಕೆ ಆ ಥರದ್ದಲ್ಲ. ಸಹಾನಕ್ಕೆ ಮಾತೇ ಇರಲಿಲ್ಲ. ತಾಯಿಯೂ ಇರಲಿಲ್ಲ, ಊರೂ ಇರಲಿಲ್ಲ. ಒಂದು ಗಾಂಧಾರ ಇತ್ತು, ಅದನ್ನು ಎಷ್ಟು ಅಲುಗಿಸಬೇಕು ಎಂಬ ಇಪ್ಪತ್ತು ವರ್ಷದ ತಿಳಿವಳಿಕೆ ಇತ್ತು. ಹೊಸ ರಾಗ ಕಟ್ಟುವುದಕ್ಕಿಂತ ಕಷ್ಟದ ಕೆಲಸ ಅದು.

ಅದಕ್ಕೆ ಬೇಕಾದ್ದು ಹೊತ್ತು. ಹಾಡುವವರಿಗೂ ಹೊತ್ತು, ಕೇಳುವವರಿಗೂ ಹೊತ್ತು. ಸಂಜೆ ಟ್ರಾಫಿಕ್ಕಿನಲ್ಲಿ ಜಗಳವಾಡಿ ಬಂದವನ ಮನಸ್ಸು ಕುರ್ಚಿಯಲ್ಲಿ ಇಳಿಯಲು ಕಾಲು ಗಂಟೆ ಬೇಕು. ಕಛೇರಿಯ ಮೊದಲಿಗೆ ಹಾಡುವ ವರ್ಣ ಅದಕ್ಕೇ ಇರುವುದು. ಆಮೇಲೆ ಒಂದೆರಡು ಸಣ್ಣ ಕೃತಿ, ಆಮೇಲೆ ರಾಗ ಬಿಚ್ಚುವುದು, ಕೃತಿಯ ಒಂದು ಸಾಲನ್ನು ಬೆಳೆಸುವ ನಿರವಲು, ಸ್ವರ, ಮೃದಂಗದ ತನಿ. ಕೊನೆಗೆ ಒಂದು ದೇವರನಾಮ. ಈಗ ನಾವು ಕಾಣುವ ಕಛೇರಿ ಪದ್ಧತಿಯನ್ನು ಹೀಗೆ ಕೂಡಿಸಿದವರು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು. ಅವರ ಕಾಲಕ್ಕೆ ಅದೇ ಹೊಸತು ಎಂಬುದನ್ನು ಸಂಪ್ರದಾಯದ ಹೆಸರಿನಲ್ಲಿ ಹುಬ್ಬು ಗಂಟಿಕ್ಕುವವರು ಮರೆಯಬಾರದು. ಆದರೆ ಆ ಹೊಸತನದ ಒಳಗೆ ಕೂತವನ ಮೈಮನಸ್ಸಿನ ಲೆಕ್ಕಾಚಾರವಿತ್ತು, ಯಾವಾಗ ದಣಿಯುತ್ತಾನೆ, ಯಾವಾಗ ತೆರೆಯುತ್ತಾನೆ ಎಂದು. ಹನ್ನೆರಡು ನಿಮಿಷದ ಐದು ತುಂಡುಗಳಲ್ಲಿ ಆ ಲೆಕ್ಕ ನನಗೆ ಕಾಣಲಿಲ್ಲ.

ಪುಣೆಯಲ್ಲಿ ಎಷ್ಟೇ ಹಟಮಾರಿತನವಿದ್ದರೂ ಒಂದು ಅಭ್ಯಾಸವನ್ನು ನಾನು ಬೆಂಗಳೂರಿಗೆ ಹೊತ್ತು ತರಲು ಬಯಸುತ್ತೇನೆ. ಅಲ್ಲಿ ಮನೆಗಳಲ್ಲಿ ಬೈಠಕ್ ನಡೆಯುತ್ತವೆ. ಹಾಲ್‌ನ ಸೋಫಾ ಒಳಕೋಣೆಗೆ ಹೋಗುತ್ತದೆ, ನೆಲಕ್ಕೆ ಚಾದರ, ಮೂವತ್ತು ನಲವತ್ತು ಜನ. ಮೈಕಿಲ್ಲ, ಪರದೆಯಿಲ್ಲ. ಹೆಸರಿಲ್ಲದ ಹುಡುಗಿ ಬಂದು ಒಂದು ಯಮನ್ ಹಾಡುತ್ತಾಳೆ, ಒಂದೂವರೆ ಗಂಟೆ. ಆರು ತಿಂಗಳ ನಂತರ ಅವಳೇ ಬಂದು ಮತ್ತೆ ಯಮನ್ ಹಾಡುತ್ತಾಳೆ. ಎರಡರ ನಡುವೆ ಏನು ಬೆಳೆದಿದೆ ಎಂದು ಆ ಮೂವತ್ತು ಜನರಿಗೆ ಗೊತ್ತಾಗುತ್ತದೆ, ಕಾಫಿ ಕುಡಿಯುತ್ತಾ ಅವಳಿಗೇ ಹೇಳುತ್ತಾರೆ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಹಜಾರಗಳಲ್ಲೂ ಒಂದು ಕಾಲಕ್ಕೆ ಹೀಗೆಯೇ ನಡೆಯುತ್ತಿತ್ತು, ಅಪ್ಪ ಹೇಳಿದ್ದು ನೆನಪಿದೆ. ಈಗ ಅಪಾರ್ಟ್‌ಮೆಂಟುಗಳಲ್ಲಿ ಹಜಾರಗಳಿಲ್ಲ, ಆದರೆ ಪ್ರತಿ ಅಪಾರ್ಟ್‌ಮೆಂಟಿಗೂ ಒಂದು ಕ್ಲಬ್‌ಹೌಸ್ ಇದೆ. ನೂರು ಜನ ಬೇಕಿಲ್ಲ. ಮೂವತ್ತು ಜನ ಫೋನು ಚೀಲದೊಳಗಿಟ್ಟು ಕೂತರೆ ಸಾಕು. ಹೊಸದಾಗಿ ಕೇಳಲು ಬಂದ ಹುಡುಗರಿಗೆ ರಾಗದ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ರಸ್ತೆಯ ಪಕ್ಕ ನಿಂತ ನನಗೂ ಗೊತ್ತಿರಲಿಲ್ಲ.

ಸಂಘಟಕರಲ್ಲಿ ನನ್ನ ಬೇಡಿಕೆ ಒಂದೇ. ಪುಟ ಬರೆಸುವ ಬದಲು ಹತ್ತು ನಿಮಿಷ ಎದುರಿಗೆ ಕೂರಿಸಿಕೊಂಡು ಹಾಡಿಸಿ. ಹಾಡುವವರಿಗೆ ಹೊಸದು ಬೇಕಾದಾಗ ಅವರೇ ಬಂದು ಕೇಳುತ್ತಾರೆ, ಆಗ ಕೀಬೋರ್ಡಿಗೂ ಡ್ರಮ್ಸಿಗೂ ಮೂರು ತಿಂಗಳು ಅಭ್ಯಾಸಕ್ಕೆ ಜಾಗ ಕೊಡಿ, ಮೂರು ಸಲ ಅಲ್ಲ.

ಹೋದ ವಾರ ಅಕ್ಕನ ಮಗಳು ಫೋನು ಮಾಡಿದ್ದಳು. ಜಯನಗರದಲ್ಲಿ ಅವಳ ಗುರುಗಳ ಪರಿಚಯದವರ ಮನೆಯಲ್ಲಿ ಹಾಡಲು ಕರೆದಿದ್ದಾರಂತೆ. ಪಿಟೀಲು, ಮೃದಂಗ, ಮೈಕಿಲ್ಲ, ಎರಡೂವರೆ ಗಂಟೆ. ಮುಖ್ಯ ರಾಗ ಯಾವುದು ಇಟ್ಟುಕೊಳ್ಳಲಿ ಎಂದು ಕೇಳಿದಳು.

"ಸಹಾನ" ಅಂದೆ.

"ಅದೇ ಆಯ್ತಲ್ಲ ಮಾಮ, ಮೊನ್ನೆ ತಾನೇ ಹಾಡಿದೆ?"

"ಮೊನ್ನೆ ಐದು ನಿಮಿಷ ಹಾಡಿದೆ."

ಆ ಕಡೆಯಿಂದ ಮಾತಿಲ್ಲ. ಹಿಂದುಗಡೆ ತಂಬೂರಿ ಕೇಳಿಸುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆ. ಸರಿ ಮಾಮ, ಇಡ್ತೀನಿ, ಕೂತ್ಕೋಬೇಕು ಅಂದಳು. ನಾನು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.